ಮಂಡಿ ಲೆಕ್ಕದ ಹಳೇ ಡಿಸ್ಕ್: ಯಾವ ಡಾಕ್ಟರ ಕೈಗೆ ಕೊಡಬೇಕು?

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಅಡಿಕೆ ಮಂಡಿ, ಸೊಸೈಟಿ, ಪ್ರೆಸ್ಸುಗಳ ಮೂಲೆಯಲ್ಲಿ ಈಗಲೂ ಅಲ್ಲೊಂದು ಇಲ್ಲೊಂದು 386, 486 ಎಂಬ ಹಳೇ ಕಂಪ್ಯೂಟರ್ ಪ್ಲಾಸ್ಟಿಕ್ ಹೊದಿಕೆ ಹೊದ್ದು ಕೂತಿರುತ್ತದೆ. ದಿನದ ಕೆಲಸ ಹೊಸ ಕಂಪ್ಯೂಟರಿಗೆ ಹೋಗಿ ಎಷ್ಟೋ ವರ್ಷವಾಗಿರುತ್ತದೆ. ಆದರೆ ಹಳೇ ಷೇರು, ಹಳೇ ಸಾಲ, ತೀರಿಹೋದ ಅಜ್ಜನ ಹೆಸರಿನ ಖಾತೆ ಬೇಕಾದಾಗ ಫಾಕ್ಸ್‌ಪ್ರೊ ಎಂಬ ಹಳೇ ಡೇಟಾಬೇಸ್ ತಂತ್ರಾಂಶದಲ್ಲಿ ಬರೆದಿಟ್ಟ ಆ ಲೆಕ್ಕವೇ ಗತಿ. ಯಂತ್ರ ಚಾಲೂ ಮಾಡಿದರೆ ಫೈಲ್ ತೆರೆಯುವುದಿಲ್ಲ. ಪಕ್ಕದಲ್ಲಿದ್ದವರು ತಮಗೆ ನೆನಪಿರುವ ಒಂದೇ ಕಮಾಂಡನ್ನು, ಅಂದರೆ ಚೆಕ್‌ಡಿಸ್ಕ್ /ಎಫ್ ಅನ್ನು ಒತ್ತುತ್ತಾರೆ. ಉಳಿಯಬಹುದಾಗಿದ್ದ ಫೈಲು ಹೆಚ್ಚಾಗಿ ಹೋಗುವುದು ಈ ಹಂತದಲ್ಲೇ.

ಡಾಸ್ (ವಿಂಡೋಸಿಗೂ ಮೊದಲಿನ ಕಾರ್ಯವ್ಯವಸ್ಥೆ) ಕಾಲದ ಡಿಸ್ಕ್ ರಿಪೇರಿ ಸಾಧನಗಳಲ್ಲಿ ಇವತ್ತಿಗೂ ಕೈಗೆ ಸಿಗುವವು ಮೂರು: ಎಂಎಸ್-ಡಾಸ್‌ನ ಚೆಕ್‌ಡಿಸ್ಕ್, ಡಾಸ್ 6.2ರಿಂದ ಬಂದ ಸ್ಕ್ಯಾನ್‌ಡಿಸ್ಕ್, ನಾರ್ಟನ್ ಯುಟಿಲಿಟೀಸ್ 8ರ ಡಿಸ್ಕ್ ಡಾಕ್ಟರ್, ಅಂದರೆ ಎನ್‌ಡಿಡಿ. ಇವುಗಳ ಜೊತೆಗೆ ಈ ಕಾಲದ ಎರಡು: ಲಿನಕ್ಸ್‌ನ ಎಫ್‌ಎಸ್‌ಸಿಕೆ-ಫ್ಯಾಟ್, ಫ್ಲಾಪಿ ಓದಲು ಗ್ರೀಸ್‌ವೀಜಲ್ ಬೋರ್ಡು. ನಮ್ಮ ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಚೆಕ್‌ಡಿಸ್ಕ್ ಜ್ವರ ನೋಡಲಿಕ್ಕೆ, ಸ್ಕ್ಯಾನ್‌ಡಿಸ್ಕ್ ಮಾತ್ರೆಗೆ, ಎನ್‌ಡಿಡಿ ಆಪರೇಷನ್ನಿಗೆ. ಮೂರನ್ನೂ ಓಡಿಸಬೇಕಾದ್ದು ನಕಲಿನ ಮೇಲೆ, ಅಸಲಿ ಡಿಸ್ಕಿನ ಮೇಲಲ್ಲ.

ಯಾಕೆ ಅಂತ ತಿಳಿಯಲು ಗೋದಾಮನ್ನು ನೆನೆಸಿಕೊಂಡರೆ ಸಾಕು. ಡಿಸ್ಕಿನ ಕ್ಲಸ್ಟರುಗಳು ಗೋದಾಮಿನ ಅಂಕಣಗಳು. ಡೈರೆಕ್ಟರಿ ಅಂದರೆ ರೈತರ ಪಟ್ಟಿ: ಯಾರ ಸರಕು, ಮೊದಲ ಚೀಲ ಯಾವ ಅಂಕಣದಲ್ಲಿ, ಒಟ್ಟು ತೂಕ ಎಷ್ಟು. ಫ್ಯಾಟ್ ಅಂದರೆ ಈ ಅಂಕಣ ಮುಗಿದ ಮೇಲೆ ಮುಂದಿನ ಚೀಲ ಯಾವ ಅಂಕಣದಲ್ಲಿ ಎಂದು ಬರೆದಿಟ್ಟ ಪುಸ್ತಕ. ಅದಕ್ಕೆ ಎರಡು ಪ್ರತಿ. ರಿಪೇರಿ ಸಾಧನಗಳು ಈ ಪಟ್ಟಿ ಮತ್ತು ಪುಸ್ತಕವನ್ನು ತಾಳೆ ಹಾಕುತ್ತವೆ, ಅಷ್ಟೇ. ಚೀಲ ಬಿಚ್ಚಿ ಒಳಗೆ ಅಡಿಕೆ ಇದೆಯೋ ಹೊಟ್ಟು ಇದೆಯೋ ನೋಡುವುದು ಅವುಗಳ ಕೆಲಸವಲ್ಲ. ಲೆಕ್ಕ ತಾಳೆಯಾಗಲಿಕ್ಕೆ ಒಂದು ಚೀಲ ಹೊರಗೆಸೆಯಬೇಕು ಅಂತಾದರೆ ಎಸೆದು, ಡಿಸ್ಕ್ ಸರಿಯಾಗಿದೆ ಎಂದು ವರದಿ ಕೊಡುತ್ತವೆ.

ನಮ್ಮ ಕಡೆ ಬರುವ ಕೇಸುಗಳಲ್ಲಿ ಹೆಚ್ಚಿನವು ಕರೆಂಟು ಹೋದದ್ದರಿಂದ ಆದವು. (ಶರಾವತಿ ಪಕ್ಕದಲ್ಲೇ ಹರಿದು ಕರೆಂಟು ಕೊಡುತ್ತಿದ್ದರೂ ಮಳೆಗಾಲದಲ್ಲಿ ಮರ ಬಿದ್ದರೆ ಮನೆಯಲ್ಲಿ ಚಿಮಣಿಯೇ.) ಡಾಸ್ ಒಂದು ಫೈಲಿಗೆ ಬರೆಯುವಾಗ ಫ್ಯಾಟ್‌ನಲ್ಲಿ ಕ್ಲಸ್ಟರ್ ಹಿಡಿದುಕೊಳ್ಳುತ್ತಾ ಹೋಗುತ್ತದೆ. ಡೈರೆಕ್ಟರಿಯಲ್ಲಿ ಫೈಲಿನ ಅಳತೆಯನ್ನು ಬರೆಯುವುದು ಮಾತ್ರ ಫೈಲ್ ಮುಚ್ಚುವಾಗ. ನಡುವೆ ಕರೆಂಟು ಹೋದರೆ ಪುಸ್ತಕದಲ್ಲಿ ಚೀಲ ಇದೆ, ಪಟ್ಟಿಯಲ್ಲಿ ಯಾರದ್ದೂ ಅಲ್ಲ. ಅದೇ ಲಾಸ್ಟ್ ಕ್ಲಸ್ಟರ್. ಡಿಸ್ಕ್ ವೇಗ ಹೆಚ್ಚಿಸುವ ಸ್ಮಾರ್ಟ್‌ಡ್ರೈವ್ ಎಂಬ ಡಾಸ್ ಸಾಧನವನ್ನು, ಬರೆಹವನ್ನು ಮೆಮೊರಿಯಲ್ಲಿ ತಡೆಹಿಡಿಯುವಂತೆ ಹಾಕಿದ್ದರೆ ಪೆಟ್ಟು ಇನ್ನೂ ದೊಡ್ಡದು: ಡೈರೆಕ್ಟರಿ ಹೊಸದು, ಫ್ಯಾಟ್ ಹಳೆಯದು, ಅಥವಾ ತಿರುಗುಮುರುಗು. ಬಳಕೆಯಲ್ಲಿರುವ ಯಂತ್ರವಾದರೆ ಸ್ಮಾರ್ಟ್‌ಡ್ರೈವ್ ಸಾಲಿಗೆ /ಎಕ್ಸ್ ಸೇರಿಸಿ ಆ ಸೌಲಭ್ಯ ತೆಗೆದುಬಿಡಿ. ತೆಗೆಯಲು ಮನಸ್ಸಿಲ್ಲದಿದ್ದರೆ, ಆಫ್ ಮಾಡುವ ಮೊದಲು ಸ್ಮಾರ್ಟ್‌ಡ್ರೈವ್ /ಸಿ ಕೊಟ್ಟು ಉಳಿದದ್ದನ್ನೆಲ್ಲ ಡಿಸ್ಕಿಗೆ ಇಳಿಸಿ.

ಯಾವ ಸಾಧನವನ್ನೂ ಮುಟ್ಟುವ ಮೊದಲು ಬಯಾಸ್, ಅಂದರೆ ಯಂತ್ರ ಶುರುವಾಗುವಾಗ ಓದಿಕೊಳ್ಳುವ ಮೂಲ ಸೆಟಿಂಗ್, ನೋಡಿ. 386, 486 ಬೋರ್ಡುಗಳ ಮೇಲಿನ 3.6 ವೋಲ್ಟಿನ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಸೋರಿ ಹಸಿರುಗಟ್ಟಿರುತ್ತದೆ, ಇಲ್ಲವೇ ಸುಮ್ಮನೆ ಸತ್ತಿರುತ್ತದೆ. ಆಗ ಹಾರ್ಡ್ ಡಿಸ್ಕಿನ ಸಿಲಿಂಡರ್, ಹೆಡ್, ಸೆಕ್ಟರ್ ಅಂಕಿಗಳು, ಅಂದರೆ ಡಿಸ್ಕಿನಲ್ಲಿ ಜಾಗ ಎಣಿಸುವ ಅಳತೆಗಳು, ಮರೆತುಹೋಗುತ್ತವೆ. ಯಾರೋ ಅಂದಾಜಿನಲ್ಲಿ ಒಂದು ಟೈಪ್ ಹಾಕಿ ಬೂಟ್ ಮಾಡುತ್ತಾರೆ. ಮೊದಲ ಸೆಕ್ಟರು ಎಲ್ಲಾ ಲೆಕ್ಕದಲ್ಲೂ ಒಂದೇ ಜಾಗದಲ್ಲಿರುವುದರಿಂದ ಡ್ರೈವ್ ಇದೆ ಅಂತ ಕಾಣುತ್ತದೆ; ಮುಂದೆ ಓದಿದ್ದೆಲ್ಲ ತಪ್ಪು ಜಾಗದ್ದು. ರಿಪೇರಿ ಸಾಧನದ ಕಣ್ಣಿಗೆ ಸಾವಿರಾರು ತಪ್ಪು ಬೀಳುತ್ತವೆ, ಅದು ಪ್ರಾಮಾಣಿಕವಾಗಿ ಅವನ್ನೆಲ್ಲ 'ಸರಿ' ಮಾಡುತ್ತದೆ. ಏನೂ ಆಗದಿದ್ದ ಡಿಸ್ಕ್ ಹಾಳಾಗುವುದು ಹೀಗೆ.

ಉದಾಹರಣೆಗೆ ವೆಸ್ಟರ್ನ್ ಡಿಜಿಟಲ್ ಕೇವಿಯರ್ 2420 ತೆಗೆದುಕೊಳ್ಳಿ. ಅದರ ಅಂಕಿ 989 ಸಿಲಿಂಡರ್, 15 ಹೆಡ್, 56 ಸೆಕ್ಟರ್. ಮೂರನ್ನೂ ಗುಣಿಸಿ, ಒಂದು ಸೆಕ್ಟರಿನ 512 ಬೈಟಿನಿಂದ ಮತ್ತೆ ಗುಣಿಸಿದರೆ ಸುಮಾರು 425 ಎಂಬಿ. ಡ್ರೈವಿನ ಮೇಲಿನ ಚೀಟಿ ಗೆದ್ದಲು ತಿಂದಿದ್ದರೂ ಉತ್ತರ ಡಿಸ್ಕಿನೊಳಗೇ ಇದೆ. ಡಿಸ್ಕಿನ ಭಾಗಗಳ ಪಟ್ಟಿಯಾದ ಪಾರ್ಟಿಷನ್ ಟೇಬಲ್‌ನಲ್ಲಿ ಕೊನೆಯ ಹೆಡ್ 14 ಎಂದಿದ್ದರೆ ಹೆಡ್ 15, ಯಾಕೆಂದರೆ ಎಣಿಕೆ ಸೊನ್ನೆಯಿಂದ. ಕೊನೆಯ ಸೆಕ್ಟರ್ 56 ಎಂದಿದ್ದರೆ ಅದೇ 56, ಯಾಕೆಂದರೆ ಸೆಕ್ಟರ್ ಎಣಿಕೆ ಒಂದರಿಂದ. ಬೂಟ್ ಸೆಕ್ಟರಿನಲ್ಲಿ ಹೆಕ್ಸ್ (ಹದಿನಾರರ ಎಣಿಕೆ) 18ರ ಜಾಗದಲ್ಲಿ ಸೆಕ್ಟರ್ ಸಂಖ್ಯೆ, ಹೆಕ್ಸ್ 1ಎ ಜಾಗದಲ್ಲಿ ಹೆಡ್ ಸಂಖ್ಯೆ ಇರುತ್ತದೆ. ಇವೆರಡೂ ಬಯಾಸ್‌ನಲ್ಲಿ ಬರೆದದ್ದಕ್ಕೆ ಹೊಂದದಿದ್ದರೆ ಮುಂದಕ್ಕೆ ಹೋಗಬೇಡಿ.

ಆಮೇಲೆ ನಕಲು. ಮಳೆಗಾಲದಲ್ಲಿ ತಂದ ಡ್ರೈವನ್ನು ಕೂಡಲೇ ಚಾಲೂ ಮಾಡದೆ ಒಂದು ದಿನ ಒಣ ಕೋಣೆಯಲ್ಲಿಡಿ. ಬಳಿಕ ಲಿನಕ್ಸ್ ಯಂತ್ರಕ್ಕೆ ಸಿಕ್ಕಿಸಿ, ಡಿಸ್ಕನ್ನು ಪೂರ್ತಿ ಒಂದು ಇಮೇಜ್ ಫೈಲಾಗಿ ನಕಲು ಮಾಡುವ ಡಿಡಿರೆಸ್ಕ್ಯೂ ಓಡಿಸಿ. ಮೊದಲ ಸುತ್ತಿನಲ್ಲಿ -ಎನ್ ಕೊಟ್ಟು ಸುಲಭವಾಗಿ ಬರುವುದನ್ನೆಲ್ಲ ಎತ್ತಿಕೊಳ್ಳಿ. ಎರಡನೇ ಸುತ್ತಿನಲ್ಲಿ -ಡಿ -ಆರ್3 ಕೊಟ್ಟು ಹಟಮಾರಿ ಸೆಕ್ಟರುಗಳ ಹಿಂದೆ ಬೀಳಿ. ಎರಡೂ ಸುತ್ತಿಗೆ ಒಂದೇ ಮ್ಯಾಪ್ ಫೈಲ್ ಕೊಡುವುದನ್ನು ಮರೆತರೆ ಓದಿದ್ದನ್ನೇ ಮತ್ತೆ ಓದುತ್ತಾ ಡ್ರೈವಿನ ಉಳಿದ ಆಯುಷ್ಯ ತಿನ್ನುತ್ತದೆ. ಇಲ್ಲಿ ಒಂದು ತೊಡಕಿದೆ. ಅಂಗಡಿಯಲ್ಲಿ ಸಿಗುವ ಯುಎಸ್‌ಬಿ-ಐಡಿಇ ಅಡಾಪ್ಟರುಗಳು ಸಾಮಾನ್ಯವಾಗಿ ಎಲ್‌ಬಿಎ (ಸೆಕ್ಟರುಗಳನ್ನು ಒಂದೇ ಸಾಲಿನಲ್ಲಿ ಎಣಿಸುವ) ಭಾಷೆ ಮಾತ್ರ ಆಡುತ್ತವೆ. 1990ರ ದಶಕದ ಮೊದಲ ವರ್ಷಗಳ ಎಷ್ಟೋ ಡ್ರೈವುಗಳಿಗೆ ಆ ಭಾಷೆ ಬರುವುದಿಲ್ಲ, ಹಾಗಾಗಿ ಡ್ರೈವ್ ಸತ್ತಿದೆ ಅಂತಲೇ ಕಾಣುತ್ತದೆ. ಅಡಾಪ್ಟರ್ ಬಿಟ್ಟು, ಮದರ್‌ಬೋರ್ಡಿನ ಮೇಲೇ ಐಡಿಇ ಪೋರ್ಟ್ ಇರುವ ಹಳೆಯ ಪೆಂಟಿಯಂ ಯಂತ್ರದಲ್ಲಿ ಲಿನಕ್ಸ್ ಹಾಕಿ ನೋಡಿ. 'ಸತ್ತ' ಡ್ರೈವುಗಳಲ್ಲಿ ಕೆಲವು ಎದ್ದು ಕೂರುತ್ತವೆ.

ಸಿಕ್ಕ ಇಮೇಜಿಗೆ ಇನ್ನೊಂದು ಪ್ರತಿ ಮಾಡಿ, ಆ ಪ್ರತಿಯನ್ನು 86ಬಾಕ್ಸ್ ಎಮ್ಯುಲೇಟರಿಗೆ, ಅಂದರೆ ಹಳೇ ಪಿಸಿಯನ್ನು ಅನುಕರಿಸುವ ತಂತ್ರಾಂಶಕ್ಕೆ, ಹಾರ್ಡ್ ಡಿಸ್ಕ್ ಆಗಿ ಕೊಡಿ. ಅದರಲ್ಲಿ ಸಿಲಿಂಡರ್, ಹೆಡ್, ಸೆಕ್ಟರನ್ನು ನಮಗೆ ಬೇಕಾದ ಹಾಗೆ, ಅಂದರೆ 989, 15, 56 ಎಂದೇ, ತುಂಬಬಹುದು. ಇಮೇಜನ್ನು ಸಿಎಫ್ (ಕಾಂಪ್ಯಾಕ್ಟ್ ಫ್ಲಾಶ್) ಮೆಮೊರಿ ಕಾರ್ಡಿಗೆ ಬರೆದು ಹಳೇ ಯಂತ್ರಕ್ಕೆ ಹಾಕುವ ದಾರಿಯೂ ಇದೆ. ಆದರೆ ಕಾರ್ಡು ತನ್ನದೇ ಅಂಕಿ ಹೇಳುತ್ತದೆ, ಮೇಲೆ ಹೇಳಿದ ತಪ್ಪು ಮತ್ತೆ ಹಿಂಬಾಗಿಲಿನಿಂದ ಬರುತ್ತದೆ.

ಈಗ ಚೆಕ್‌ಡಿಸ್ಕ್. ಇದರ ದೊಡ್ಡ ಗುಣ ಒಂದೇ: /ಎಫ್ ಇಲ್ಲದೆ ಓಡಿಸಿದರೆ ಏನನ್ನೂ ಬರೆಯುವುದಿಲ್ಲ. ಕಳೆದ ಸರಪಳಿಗಳನ್ನು (ಒಂದಕ್ಕೊಂದು ಕೊಂಡಿ ಹಾಕಿದ ಲಾಸ್ಟ್ ಕ್ಲಸ್ಟರುಗಳನ್ನು) ಫೈಲ್ ಮಾಡಲೇ ಎಂದು ಕೇಳುತ್ತದೆ, ವೈ ಒತ್ತಿದರೂ ತಿದ್ದುಪಡಿ ಡಿಸ್ಕಿಗೆ ಹೋಗುವುದಿಲ್ಲ. ಕೊನೆಗೆ ಒಟ್ಟು ಮೆಮೊರಿ ತೋರಿಸುತ್ತದೆ, ಆ ಸಾಲನ್ನು ಯಾರೂ ಓದುವುದಿಲ್ಲ. ಓದಬೇಕು. 640 ಕೆಬಿ ಯಂತ್ರದಲ್ಲಿ ಅಲ್ಲಿ 655,360 ಎಂದಿರಬೇಕು. 653,312 ಎಂದಿದ್ದರೆ ಸರಿಯಾಗಿ 2 ಕೆಬಿ ಕಾಣೆಯಾಗಿದೆ. ಸ್ಟೋನ್ಡ್, ಮೈಕೆಲ್ಯಾಂಜೆಲೋ ತರಹದ ಬೂಟ್ ವೈರಸ್ ಅಲ್ಲಿ ಕೂತಿರಬಹುದು. 1 ಕೆಬಿ ಕಡಿಮೆ, ಅಂದರೆ 654,336 ಇದ್ದರೆ ಅನುಮಾನ ಇರಲಿ, ಆದರೆ ಕೆಲವು ಬಯಾಸ್‌ಗಳೇ ಅಷ್ಟನ್ನು ತಮಗೆ ಇಟ್ಟುಕೊಳ್ಳುತ್ತವೆ. ಕಾಲೇಜು ಲ್ಯಾಬಿನಿಂದ ಕೈಯಿಂದ ಕೈಗೆ ತಿರುಗಿದ ಫ್ಲಾಪಿಗಳ ಕಾಲದ ಡಿಸ್ಕುಗಳು ಇವು, ವೈರಸ್ ಸಿಕ್ಕರೆ ಆಶ್ಚರ್ಯವಿಲ್ಲ. ಸಿಕ್ಕಿತೆಂದು ಕಣ್ಣುಮುಚ್ಚಿ ಎಫ್‌ಡಿಸ್ಕ್ /ಎಂಬಿಆರ್ (ಮೊದಲ ಸೆಕ್ಟರಿನ ಬೂಟ್ ಕೋಡನ್ನು ಹೊಸದಾಗಿ ಬರೆಯುವ ಕಮಾಂಡ್) ಕೊಡಬೇಡಿ. ಮಂಕಿ ಎಂಬ ವೈರಸ್ ಪಾರ್ಟಿಷನ್ ಟೇಬಲನ್ನು ಗೂಢಲಿಪಿ ಮಾಡಿ ಬೇರೆ ಕಡೆ ಇಟ್ಟಿರುತ್ತದೆ. ಆ ಕಮಾಂಡ್ ವೈರಸ್ಸನ್ನು ಅಳಿಸುತ್ತದೆ, ಟೇಬಲ್ಲಿಗೆ ದಾರಿ ಗೊತ್ತಿದ್ದದ್ದು ಆ ವೈರಸ್ಸಿಗೇ.

/ಎಫ್ ಕೊಟ್ಟ ಚೆಕ್‌ಡಿಸ್ಕ್‌ಗೆ ನಾವು ಅಂಕ ಕೊಡುವುದಿಲ್ಲ. ಪ್ರತಿ ಸರಪಳಿಯನ್ನೂ ಫೈಲ್0000.ಸಿಎಚ್‌ಕೆ, ಫೈಲ್0001.ಸಿಎಚ್‌ಕೆ ಎಂದು ರೂಟ್ ಡೈರೆಕ್ಟರಿಯಲ್ಲಿ ಸುರಿಯುತ್ತದೆ. ಹಾರ್ಡ್ ಡಿಸ್ಕಿನ ರೂಟಿನಲ್ಲಿ ಸಾಮಾನ್ಯವಾಗಿ 512 ಹೆಸರಿಗಷ್ಟೇ ಜಾಗ, ತುಂಬಿದರೆ ಅಲ್ಲೇ ನಿಲ್ಲುತ್ತದೆ. ಎರಡು ಫೈಲುಗಳು ಒಂದೇ ಕ್ಲಸ್ಟರನ್ನು ನನ್ನದು ತನ್ನದು ಎನ್ನುತ್ತಿದ್ದರೆ, ಅಂದರೆ ಕ್ರಾಸ್-ಲಿಂಕ್ ಆಗಿದ್ದರೆ, ವರದಿ ಮಾಡಿ ಕೈತೊಳೆದುಕೊಳ್ಳುತ್ತದೆ. ಅಲ್ಲಿ ಕೈಯಾರೆ ಮಾಡಬೇಕಾದ ಕ್ರಮ ಇದು: ಎರಡೂ ಫೈಲನ್ನು ಬೇರೆ ಡಿಸ್ಕಿಗೆ ನಕಲು ಮಾಡಿ, ಆಮೇಲೆ ಎರಡನ್ನೂ ಅಳಿಸಿ, ಆಮೇಲೆ ನಕಲುಗಳನ್ನು ಬಿಚ್ಚಿ ಯಾವುದರ ಬಾಲ ಸರಿ ಇದೆ ನೋಡಿ. ನಕಲು ಮಾಡದೆ ಮೊದಲೇ ಒಂದನ್ನು ಅಳಿಸಿದರೆ ಹಂಚಿಕೊಂಡ ಕ್ಲಸ್ಟರುಗಳು ಖಾಲಿ ಎಂದಾಗಿ ಇನ್ನೊಂದರ ಸರಪಳಿಯೂ ಹರಿಯುತ್ತದೆ. ವಿಂಡೋಸ್ 3.1ರ ಒಳಗಿನಿಂದ ಓಡಿಸಿದರಂತೂ ತೆರೆದಿರುವ ಫೈಲುಗಳೇ ಅನಾಥವಾಗಿ ಕಾಣುತ್ತವೆ.

ಡಾಸ್ 5.0 ಇರುವ ಯಂತ್ರವಾದರೆ ಇನ್ನೂ ಒಂದು ಎಚ್ಚರ. 1991ರ ಏಪ್ರಿಲ್ 9ರ ತಾರೀಕಿರುವ ಚೆಕ್‌ಡಿಸ್ಕ್ ಮತ್ತು ಅನ್‌ಡಿಲೀಟ್‌ನಲ್ಲಿ ದೋಷವಿದೆ: ಫ್ಯಾಟ್ 256 ಸೆಕ್ಟರ್ ಉದ್ದ ಇದ್ದರೆ ಅದನ್ನೇ ಕೆಡಿಸುತ್ತವೆ. 5.0ಎ ಆವೃತ್ತಿಯಲ್ಲಿ ಸರಿಪಡಿಸಿದರು. ಪತ್ತೆ ಮಾಡುವ ಬಗೆ ಸುಲಭ. /ಎಫ್ ಇಲ್ಲದೆ ಓಡಿಸಿದಾಗ ಒಟ್ಟು ಅಲೊಕೇಷನ್ ಯೂನಿಟ್ (ಅಂದರೆ ಕ್ಲಸ್ಟರ್) 65,278ಕ್ಕಿಂತ ಹೆಚ್ಚು ಬಂದರೆ ನಿಮ್ಮ ಡಿಸ್ಕ್ ಈ ಬಲೆಯಲ್ಲಿದೆ. 128, 256, 512 ಎಂಬಿಗೆ ಕೂದಲೆಳೆ ಕಡಿಮೆ ಇರುವ ಪಾರ್ಟಿಷನ್‌ಗಳು ಇದಕ್ಕೆ ಸಿಗುತ್ತವೆ.

ಸ್ಕ್ಯಾನ್‌ಡಿಸ್ಕ್ ಬಂದದ್ದು 1993ರ ಡಾಸ್ 6.2ರ ಜೊತೆ. ಮೀಡಿಯಾ ಗುರುತು, ಎರಡು ಫ್ಯಾಟ್ ಪ್ರತಿ, ಡೈರೆಕ್ಟರಿ ರಚನೆ, ಫೈಲ್ ವ್ಯವಸ್ಥೆ, ಕೊನೆಗೆ ಮೇಲ್ಮೈ ಪರೀಕ್ಷೆ ಎಂಬ ಕ್ರಮದಲ್ಲಿ ಹೋಗುತ್ತದೆ. ಕ್ರಾಸ್-ಲಿಂಕ್ ಸಿಕ್ಕರೆ ಹಂಚಿಕೊಂಡ ಭಾಗದ ಪ್ರತಿ ಮಾಡಿ ಇಬ್ಬರಿಗೂ ಕೊಡುತ್ತದೆ. ಎಲ್ಲಕ್ಕಿಂತ ಮೆಚ್ಚಬೇಕಾದ್ದು ಅನ್‌ಡು ಫ್ಲಾಪಿ: ಬದಲಿಸುವ ಮೊದಲು ಹಳೆಯದನ್ನು ಫ್ಲಾಪಿಯಲ್ಲಿ ಬರೆದಿಟ್ಟು, ಬೇಡವೆನಿಸಿದರೆ ಸ್ಕ್ಯಾನ್‌ಡಿಸ್ಕ್ /ಅನ್‌ಡು ಎ: ಎಂದು ಹಿಂದಕ್ಕೆ ಬರಬಹುದು. ನಡುವೆ ಆ ಡಿಸ್ಕಿಗೆ ಏನನ್ನೂ ಬರೆದಿರಬಾರದು, ಅಷ್ಟೇ ಷರತ್ತು. ಮೊದಲು /ಚೆಕ್‌ಓನ್ಲಿ ಕೊಟ್ಟು ರೋಗ ನೋಡಿ, ಆಮೇಲೆ ಚಿಕಿತ್ಸೆ. /ಆಟೋಫಿಕ್ಸ್ ಮುಟ್ಟಬೇಡಿ. /ಆಟೋಫಿಕ್ಸ್ ಜೊತೆ /ನೋಸೇವ್ ಸೇರಿಸಿದರೆ ಲಾಸ್ಟ್ ಕ್ಲಸ್ಟರುಗಳನ್ನು ಫೈಲ್ ಮಾಡದೆ ನೇರ ಅಳಿಸುತ್ತದೆ; ಬ್ಯಾಚ್ ಫೈಲಿನಲ್ಲಿ ಇವೆರಡನ್ನೂ ಬರೆದಿಟ್ಟ ಪುಣ್ಯಾತ್ಮರ ಯಂತ್ರದಲ್ಲಿ ಹುಡುಕಲು ಏನೂ ಉಳಿದಿರುವುದಿಲ್ಲ.

ವಿಂಡೋಸ್ 95, 98 ಯಂತ್ರದ ಡಿಸ್ಕಿಗೆ ಆಯಾ ವಿಂಡೋಸಿನದೇ ಸ್ಕ್ಯಾನ್‌ಡಿಸ್ಕ್ ಬೇಕು. ಉದ್ದ ಹೆಸರುಗಳ ವ್ಯವಸ್ಥೆ ಡಾಸ್ 6 ಕಾಲದ ಸಾಧನಗಳಿಗೆ ತಿಳಿಯದು, ಕಸವೆಂದು ಗುಡಿಸುವ ಅಪಾಯವಿದೆ. 98ರಲ್ಲಿ ಕರೆಂಟು ಹೋಗಿ ಬಂದ ಮೇಲೆ ಸ್ಕ್ಯಾನ್‌ಡಿಸ್ಕ್ ತಾನೇ ಓಡುತ್ತದೆ. ಅನುಮಾನದ ಡಿಸ್ಕಾದರೆ ನಕಲು ಮಾಡುವ ತನಕ ಎಂಎಸ್‌ಡಾಸ್.ಎಸ್‌ವೈಎಸ್ ಫೈಲಿನಲ್ಲಿ ಆಟೋಸ್ಕ್ಯಾನ್=0 ಇರಲಿ.

ಎನ್‌ಡಿಡಿ 8 ಈ ಮೂವರಲ್ಲಿ ಹಿರಿಯ ಡಾಕ್ಟರು. ಬೇರೆಯವರು ಬಾಗಿಲಲ್ಲೇ ನಿಲ್ಲುವಾಗ ಇದು ಒಳಗೆ ಹೋಗುತ್ತದೆ: ಪಾರ್ಟಿಷನ್ ಟೇಬಲ್, ಬೂಟ್ ರೆಕಾರ್ಡ್‌ಗಳಿಂದ ಪರೀಕ್ಷೆ ಶುರು. ಡ್ರೈವ್ ಅಕ್ಷರವೇ ಕಾಣದ ಡಿಸ್ಕಿನಲ್ಲಿ ಕಳೆದ ಪಾರ್ಟಿಷನ್ ಹುಡುಕಿ ಕೂರಿಸುತ್ತದೆ. ಫ್ಯಾಟ್‌ನ ಒಂದು ಪ್ರತಿ ಓದಲಾಗದಿದ್ದರೆ ಇನ್ನೊಂದರಿಂದ ತುಂಬುತ್ತದೆ. ಪ್ರತಿ ಹೆಜ್ಜೆಗೂ ತಪ್ಪೇನು, ಸರಿಪಡಿಸಿದರೆ ಏನಾಗುತ್ತದೆ ಎಂದು ವಿವರಿಸಿ ಕೇಳುತ್ತದೆ. ಆ ಪರದೆಗಳನ್ನು ಓದದೆ ಎಂಟರ್ ಒತ್ತುವವರಿಗೆ ಇದು ಬೇಡ. ಇದರಲ್ಲೂ ಅನ್‌ಡು ಇದೆ, ಆ ಫೈಲನ್ನು ಬೇರೆ ಡ್ರೈವಿಗೇ ಬರೆಸಿ. ಮಿತಿ ಸ್ಪಷ್ಟ: ಫ್ಯಾಟ್12, ಫ್ಯಾಟ್16ರ ಆಚೆ ಇದಕ್ಕೆ ಲೋಕವಿಲ್ಲ. ಫ್ಯಾಟ್32 ಬಂದದ್ದೇ 1996ರಲ್ಲಿ, ಈ ಆವೃತ್ತಿ ಮುಗಿದ ಮೇಲೆ. ಮೇಲ್ಮೈ ಪರೀಕ್ಷೆಯನ್ನು ಅಸಲಿ ಡ್ರೈವಿನ ಮೇಲೆ ಗಂಟೆಗಟ್ಟಲೆ ಓಡಿಸುವುದು ಹೆಣಕ್ಕೆ ವ್ಯಾಯಾಮ ಮಾಡಿಸಿದಂತೆ. ಇಮೇಜಿನ ಮೇಲೆ ಓಡಿಸಿದರೆ ಅರ್ಥವೇ ಇಲ್ಲ.

ಎನ್‌ಡಿಡಿಗಿಂತ ಅದರ ಜೊತೆ ಬರುವ ಡಿಸ್ಕ್‌ಎಡಿಟ್‌ಗೇ ನಾವು ಹೆಚ್ಚು ಅಂಕ ಕೊಡುತ್ತೇವೆ. ರಿಪೇರಿ ಮುಗಿದು ಲೆಕ್ಕ ತಾಳೆಯಾದ ಮೇಲೆ ಚೀಲ ಬಿಚ್ಚುವ ಕೆಲಸ ಉಳಿಯುತ್ತದಲ್ಲ, ಅದಕ್ಕೆ ಇದು ಬೇಕು.

ಒಂದು ಸಿಎಚ್‌ಕೆ ಫೈಲನ್ನು ಹತ್ತಿರದಿಂದ ನೋಡೋಣ. ಕೇವಿಯರ್‌ನಂಥ 425 ಎಂಬಿ ಪಾರ್ಟಿಷನ್ನಿನಲ್ಲಿ ಕ್ಲಸ್ಟರ್ 8 ಕೆಬಿ. ಫೈಲ್0003.ಸಿಎಚ್‌ಕೆ 40,960 ಬೈಟ್ ಇದೆ, ಅಂದರೆ ಸರಿಯಾಗಿ 5 ಕ್ಲಸ್ಟರ್. ಹೆಕ್ಸ್ ನೋಟದಲ್ಲಿ ಮೊದಲ ಬೈಟ್ 03. ಇದು ಡಿಬೇಸ್ ಬಗೆಯ ಟೇಬಲ್, ಮೆಮೊ (ಉದ್ದ ಟಿಪ್ಪಣಿಯ ಫೀಲ್ಡ್) ಇಲ್ಲದ್ದು. ಮೆಮೊ ಇರುವ ಫಾಕ್ಸ್‌ಪ್ರೊ ಟೇಬಲ್ ಆಗಿದ್ದರೆ ಎಫ್5 ಇರುತ್ತಿತ್ತು. ಮುಂದಿನ 3 ಬೈಟ್ ಕೊನೆಯ ಬಾರಿ ಬರೆದ ವರ್ಷ, ತಿಂಗಳು, ದಿನ. ಅದಾದ ಮೇಲೆ 4 ಬೈಟ್ ದಾಖಲೆಗಳ ಸಂಖ್ಯೆ, ಸಣ್ಣ ಬೈಟ್ ಮೊದಲು: 8ಇ 01 00 00, ಅಂದರೆ 398. ಆಮೇಲೆ 61 01, ಹೆಡರ್ ಉದ್ದ 353. ಆಮೇಲೆ 57 00, ಒಂದು ದಾಖಲೆ 87 ಬೈಟ್. 353 ಯಾಕೆಂದರೆ ಹೆಡರಿಗೆ 32, ಟೇಬಲ್ಲಿನ ಹತ್ತು ಅಂಕಣಕ್ಕೆ (ಫೀಲ್ಡಿಗೆ) ತಲಾ 32, ಕೊನೆಗೆ 0ಡಿ ಗುರುತಿಗೆ 1. ಅಂಕಣಗಳ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಓದಲು ಸಿಗುತ್ತದೆ. ರಾಶಿ, ಬೆಟ್ಟೆ, ಗೊರಬಲು ಎಂಬ ಅಡಿಕೆ ಬಗೆಗಳು ಕಂಡರೆ ಇದು ಆವಕದ ಫೈಲು ಅಂತ ಯಾರಿಗೂ ಹೇಳಬೇಕಾಗಿಲ್ಲ.

ಈಗ ಗುಣಾಕಾರ. 398 ದಾಖಲೆಗೆ 34,626 ಬೈಟ್, ಹೆಡರ್ ಸೇರಿ 34,979. ಅಲ್ಲಿ 1ಎ ಎಂಬ ಅಂತ್ಯದ ಗುರುತು ಇರಬೇಕು. ಹೋಗಿ ನೋಡಿದರೆ ಇಲ್ಲ. ಬದಲಿಗೆ 20 ಇದೆ, ಮುಂದೆ ಇನ್ನೊಬ್ಬರ ಹೆಸರು. ಪ್ರತಿ ದಾಖಲೆಯೂ 20ರಿಂದ ಶುರುವಾಗುತ್ತದೆ, ಅಳಿಸಿದ್ದಾದರೆ 2ಎ. ಹೀಗೆ 87 ಬೈಟಿಗೊಮ್ಮೆ ಹೆಜ್ಜೆ ಹಾಕುತ್ತಾ ಹೋದರೆ 36,197ರ ಜಾಗದಲ್ಲಿ 1ಎ ಸಿಗುತ್ತದೆ. ಅಂದರೆ ನಿಜವಾಗಿ ಇರುವುದು 412 ದಾಖಲೆ. ಕರೆಂಟು ಹೋಗುವ ಮೊದಲು ಸೇರಿಸಿದ 14 ದಾಖಲೆಗಳು ಡಿಸ್ಕಿಗೆ ಬಂದಿದ್ದವು, ಹೆಡರಿನ ಎಣಿಕೆ ಮಾತ್ರ ಹಿಂದುಳಿದಿತ್ತು. 8ಇ 01 ಇದ್ದಲ್ಲಿ 9ಸಿ 01 ಬರೆಯಿರಿ, ಹೆಸರನ್ನು .ಡಿಬಿಎಫ್ ಮಾಡಿ, ಫಾಕ್ಸ್‌ಪ್ರೊದಲ್ಲಿ ತೆರೆಯಿರಿ. 1ಎಯ ನಂತರ ಕ್ಲಸ್ಟರ್ ತುಂಬುವ ತನಕ ಇರುವ ಕಸ ಹಳೆಯ ಯಾವುದೋ ಫೈಲಿನದು, ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ. ಹಳೇ ಇಂಡೆಕ್ಸ್ ಫೈಲನ್ನು ಮಾತ್ರ ನಂಬಬೇಡಿ, ಹೊಸದಾಗಿ ಕಟ್ಟಿ. ಡಿಸ್ಕ್‌ಎಡಿಟ್ ಶುರುವಿಗೆ ಓದುವ ಮಟ್ಟದಲ್ಲಷ್ಟೇ ತೆರೆಯುತ್ತದೆ, ಬರೆಯಬೇಕಾದರೆ ಸೆಟಿಂಗ್ ಬದಲಿಸಬೇಕು. ಇದನ್ನು ದೋಷವೆಂದು ಬೈದವರುಂಟು. ನಮಗೆ ಅದೇ ಗುಣ.

ಪಠ್ಯದ ಸಿಎಚ್‌ಕೆ ಫೈಲುಗಳಲ್ಲಿ ಅರ್ಥವಾಗದ ಗೀಟು, ಚೌಕ, ಗ್ರೀಕ್ ಅಕ್ಷರ ತುಂಬಿದ್ದರೆ ಕಸವೆಂದು ಅಳಿಸಬೇಡಿ. ಜಿಸ್ಟ್ ಕಾರ್ಡ್ (ಭಾರತೀಯ ಭಾಷೆ ತೋರಿಸಲು ಹಾಕುತ್ತಿದ್ದ ಕಾರ್ಡು) ಇದ್ದ ಯಂತ್ರದಲ್ಲಿ ಕನ್ನಡವು ಭಾರತೀಯ ಲಿಪಿಗಳಿಗೆಂದೇ ಇದ್ದ ಇಸ್ಕಿ ಸಂಕೇತದಲ್ಲಿರುತ್ತದೆ, ಬೈಟುಗಳೆಲ್ಲ ಹೆಕ್ಸ್ ಎ1ರಿಂದ ಮೇಲೆ. ಎ4 ಬಿಎಫ್ ಡಿಬಿ ಬಿ3 ಇ0 ಎಂಬ ಐದು ಬೈಟನ್ನು ಹುಡುಕಿ ನೋಡಿ. ಅದು 'ಅಡಿಕೆ'. ಮಂಡಿಯ ಡಿಸ್ಕಿನಲ್ಲಿ ಸಿಗದೇ ಇರುವ ಸಂಭವ ಕಡಿಮೆ.

ಲಿನಕ್ಸ್‌ನ ಎಫ್‌ಎಸ್‌ಸಿಕೆ-ಫ್ಯಾಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಮೇಜ್ ಫೈಲಿನ ಮೇಲೆ ನೇರ ಓಡುತ್ತದೆ, -ಎನ್ ಕೊಟ್ಟರೆ ಏನೂ ಬರೆಯದು. ಎರಡು ಫ್ಯಾಟ್ ಬೇರೆ ಬೇರೆ ಇದ್ದರೆ ಯಾವುದು ಬೇಕೆಂದು ಕೇಳುತ್ತದೆ, ಈ ಒಂದು ಪ್ರಶ್ನೆಗಾಗಿಯೇ ಇಟ್ಟುಕೊಳ್ಳಬಹುದು. -ಎ ಕೊಟ್ಟರೆ ಕೇಳದೆ ತಾನೇ ತೀರ್ಮಾನಿಸುತ್ತದೆ, ಕೊಡಬೇಡಿ. ಬೂಟ್ ಸೆಕ್ಟರಿನಲ್ಲಿ ಅಳತೆಗಳೇ ಬರೆದಿಲ್ಲದ ತೀರಾ ಹಳೇ ಫ್ಲಾಪಿ ಕೊಟ್ಟರೆ ಸೆಕ್ಟರ್ ಅಳತೆ ಸೊನ್ನೆ ಎಂದು ಮುಖ ತಿರುಗಿಸುತ್ತದೆ. ಡಾಸ್ ಮಾತ್ರ ಮೀಡಿಯಾ ಬೈಟ್ (ಡಿಸ್ಕಿನ ಬಗೆಯ ಗುರುತು) ನೋಡಿ ಊಹಿಸಿಕೊಳ್ಳುತ್ತದೆ.

ಫ್ಲಾಪಿಗಳದ್ದು ಬೇರೆಯೇ ಕಥೆ, ಮಲೆನಾಡಿನಲ್ಲಿ ಅದರ ಮೊದಲ ಶತ್ರು ಬೂಷ್ಟು. ಶಟರ್ ಸರಿಸಿ ಬೆಳಕಿಗೆ ಓರೆ ಹಿಡಿದು ಡಿಸ್ಕನ್ನು ಕೈಯಿಂದ ತಿರುಗಿಸಿ. ಬಿಳಿ ಚುಕ್ಕೆ, ಜೇಡರಬಲೆಯಂಥ ಎಳೆ ಕಂಡರೆ ಡ್ರೈವಿಗೆ ಹಾಕಲೇಬೇಡಿ. ಹಾಕಿದರೆ ಹೆಡ್ಡಿಗೆ ಅಂಟಿ, ಅದು ಗೀಚಿ, ಮುಂದಿನ ಒಳ್ಳೆಯ ಫ್ಲಾಪಿಯೂ ಹೋಗುತ್ತದೆ. 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ನೂಲು ಬಿಡದ ಬಟ್ಟೆ ತೋಯಿಸಿ, ಕಿಟಕಿಯಲ್ಲಿ ಕಾಣುವಷ್ಟನ್ನು ಹಗುರವಾಗಿ ಒರೆಸಿ, ಸ್ವಲ್ಪ ತಿರುಗಿಸಿ, ಮತ್ತೆ ಒರೆಸಿ, ಎರಡೂ ಮೈ. ಪೂರ್ತಿ ಒಣಗಿದ ಮೇಲೆಯೇ ಡ್ರೈವಿಗೆ. ಮೂಗಿಗೆ ಮಾಸ್ಕ್ ಇರಲಿ. ಒರೆಸಿದ ಜಾಗ ಪಾರದರ್ಶಕವಾದರೆ ಆಕ್ಸೈಡ್ ಪದರವೇ ಎದ್ದಿದೆ ಎಂದರ್ಥ, ನಿಲ್ಲಿಸಿ. ಅಡುಗೆಮನೆಯ ಹೊಗೆಯಟ್ಟದಲ್ಲಿ ಇಟ್ಟದ್ದಕ್ಕೆ ಬೂಷ್ಟು ಹಿಡಿದಿರುವುದಿಲ್ಲ ನಿಜ, ಆದರೆ ಮಸಿ ಹಿಡಿದಿರುತ್ತದೆ. ಒರೆಸುವ ಕೆಲಸ ತಪ್ಪಲಿಲ್ಲ.

ಓದಲು ಯುಎಸ್‌ಬಿ ಫ್ಲಾಪಿ ಡ್ರೈವ್ ಸಾಕೇ? ಆರೋಗ್ಯವಾಗಿರುವ 3.5 ಇಂಚಿನ ಫ್ಲಾಪಿಗೆ ಸಾಕು. 5.25ಕ್ಕೆ ಇಲ್ಲ, ಕಾಯಿಲೆಯವಕ್ಕೂ ಇಲ್ಲ. ಅಲ್ಲಿ ಗ್ರೀಸ್‌ವೀಜಲ್ ಕೊಟ್ಟ ಹಣಕ್ಕೆ ಮೋಸವಿಲ್ಲ. ಹಳೇ ಡ್ರೈವಿನ 34 ಪಿನ್ ಕೇಬಲ್ಲಿಗೂ ಯುಎಸ್‌ಬಿಗೂ ನಡುವೆ ಕೂತು ಕಾಂತೀಯ ಏರಿಳಿತವನ್ನೇ ದಾಖಲಿಸುತ್ತದೆ. ಮೊದಲು ಐದು ಸುತ್ತು ಓದಿಸಿ ಎಸ್‌ಸಿಪಿ ಎಂಬ ಕಚ್ಚಾ ದಾಖಲೆಯ ಫೈಲ್ ಮಾಡಿಕೊಳ್ಳಿ, ಆಮೇಲೆ ಐಬಿಎಂ.1440 ಎಂಬ ಫಾರ್ಮ್ಯಾಟ್ ಕೊಟ್ಟು ಇಮೇಜಿಗೆ ಬದಲಿಸಿ. 2880ರಲ್ಲಿ ಎಷ್ಟು ಸೆಕ್ಟರ್ ಸಿಕ್ಕಿತು ಎಂದು ಕೊನೆಗೆ ಹೇಳುತ್ತದೆ. ಕಡಿಮೆ ಬಂದರೆ ಹೆಡ್ ಒರೆಸಿ ಮತ್ತೆ, ಬೇರೆ ಡ್ರೈವಿನಲ್ಲಿ ಮತ್ತೆ. 5.25 ಡ್ರೈವಿಗೆ 12 ವೋಲ್ಟ್ ಬೇಕು, ಬೋರ್ಡಿನ ಯುಎಸ್‌ಬಿ ಕರೆಂಟಿನಿಂದ ಆಗದು. ಹಳೇ ಪಿಸಿಯ ಪವರ್ ಸಪ್ಲೈ ಜೋಡಿಸಿ. 360 ಕೆಬಿ ಫ್ಲಾಪಿಯನ್ನು 1.2 ಎಂಬಿ ಡ್ರೈವಿನಲ್ಲಿ ಓದುವಾಗ ಹೆಡ್ ಒಂದು ಬಿಟ್ಟು ಒಂದು ಟ್ರ್ಯಾಕಿಗೆ ಹೋಗಬೇಕು, ಸ್ಟೆಪ್=2 ಕೊಡಿ. ಅದೇ ಡ್ರೈವಿನಲ್ಲಿ 360 ಕೆಬಿ ಫ್ಲಾಪಿಗೆ ಬರೆಯಬೇಡಿ: ಟ್ರ್ಯಾಕ್ ಕಿರಿದಾಗಿ, ಅದರ ಅಕ್ಕಪಕ್ಕ ಹಳೆಯದು ಉಳಿದು, ಅಸಲಿ 360 ಡ್ರೈವ್ ಎರಡನ್ನೂ ಕಲಸಿ ಓದುತ್ತದೆ.

1.44 ಫ್ಲಾಪಿಯಲ್ಲಿ ಒಂದೆರಡು ಸೆಕ್ಟರ್ ಮಾತ್ರ ಸತ್ತಿದ್ದರೆ ಯಾವ ಡಾಕ್ಟರನ್ನೂ ಕರೆಯಬೇಕಿಲ್ಲ. ಸೊನ್ನೆಯಿಂದ ಎಣಿಸಿದರೆ ಸೆಕ್ಟರ್ 0 ಬೂಟ್, 1ರಿಂದ 9 ಮೊದಲ ಫ್ಯಾಟ್, 10ರಿಂದ 18 ಎರಡನೆಯದು, 19ರಿಂದ 32 ರೂಟ್ ಡೈರೆಕ್ಟರಿ, 33ರಿಂದ ಫೈಲುಗಳು. ಸೆಕ್ಟರ್ 4 ಓದಲಿಲ್ಲ ಅನ್ನಿ. ಅದರ ಜೋಡಿ 9 ಸೇರಿಸಿದರೆ ಸಿಗುವ 13. ಇಮೇಜಿನ ಮೇಲೆ ಲಿನಕ್ಸ್‌ನ ಡಿಡಿ ಎಂಬ ನಕಲು ಕಮಾಂಡಿಗೆ ಬಿಎಸ್=512, ಸ್ಕಿಪ್=13, ಸೀಕ್=4, ಕೌಂಟ್=1, ಜೊತೆಗೆ ಕಾನ್ವ್=ನೋಟ್ರಂಕ್ ಕೊಟ್ಟು, ಒಳಕ್ಕೂ ಹೊರಕ್ಕೂ ಅದೇ ಫೈಲ್ ಹೆಸರು ಬರೆಯಿರಿ. ನೋಟ್ರಂಕ್ ಮರೆತರೆ ಇಮೇಜ್ ಮೊಟಕಾಗುತ್ತದೆ, ಅದಕ್ಕೇ ಎರಡನೇ ಪ್ರತಿ ಇಟ್ಟುಕೊಂಡಿರಬೇಕು. ಆಮೇಲೆ ಎಫ್‌ಎಸ್‌ಸಿಕೆ-ಫ್ಯಾಟ್ -ಎನ್ ಒಮ್ಮೆ ಓಡಿಸಿ. ತಪ್ಪು ಹೇಳದೆ ಸುಮ್ಮನಿದ್ದರೆ ಎಂಕಾಪಿ ಎಂಬ ಲಿನಕ್ಸ್ ಸಾಧನದಿಂದ ಫೈಲುಗಳನ್ನು ಹೊರತೆಗೆಯಿರಿ. ಅದೇ ಫ್ಲಾಪಿಗೆ ವಾಪಸ್ ಬರೆಯುವ ಗೋಜಿಗೆ ಹೋಗಬೇಡಿ.